ಹೊನ್ನೂರುಸ್ವಾಮಿಯ ಮುಖದ ಬಣ್ಣ

ಹೊಸಪೇಟೆಯಲ್ಲಿ ಆ ಕಾಲಕ್ಕೆ ಒಂದು ಚೇಷ್ಟೆಯ ಮಾತು ಓಡಾಡುತ್ತಿತ್ತು. ಬದುಕಿದ್ದಾಗ ಬೆಳ್ಳಗಾಗಬೇಕೆಂದರೆ ಮುಖಕ್ಕೆ ಕ್ರೀಮು ಹಚ್ಚಿಕೊಳ್ಳಬೇಕು, ಸತ್ತ ಮೇಲೆ ಬೆಳ್ಳಗಾಗಬೇಕೆಂದರೆ ಉಜ್ಜಿನಪ್ಪನ ಅಂಗಡಿಗೆ ಹೋಗಬೇಕು. ಆಡಿದವರು ನಗಲಿಕ್ಕೆ ಆಡಿದ್ದು. ಉಜ್ಜಿನಪ್ಪ ಮಾತ್ರ ಅದನ್ನು ಮಠದ ಸ್ವಾಮಿಗಳು ಹೊದಿಸಿದ ಶಾಲಿನಂತೆ ಹೆಗಲ ಮೇಲೆ ಹಾಕಿಕೊಂಡು ತಿರುಗುತ್ತಿದ್ದ. ಇರಲಿ ಬಿಡಿ, ಐವತ್ತು ದಾಟಿದ ಗಂಡಸಿಗೆ ಊರು ಕೊಡುವ ಬಿರುದುಗಳೇ ಕಡಿಮೆ.

ಅವನದು ಮೊದಲಿಗೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಹಂಪಿಗೆ ಬಂದ ಜನ ಕೊಂಡೊಯ್ಯುವ ವಿರೂಪಾಕ್ಷ ಪಂಪಾಂಬಿಕೆಯರ ಪಟಗಳಿಗೆ ಕಟ್ಟು ಹಾಕಿ ಹಾಕಿಯೇ ಅಪ್ಪ ಸಂಸಾರ ಸಾಕಿದ್ದ. ದೇವರ ಪಟ ಬಿಟ್ಟರೆ ಸತ್ತವರ ಪಟ. ಯಾರ ಮನೆಯಲ್ಲಿ ಸಾವಾದರೂ ಮೂರನೆಯ ದಿನಕ್ಕೆ ಒಬ್ಬರು ಫೋಟೋ ಹಿಡಿದು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಹೀಗಾಗಿ ಚಿಕ್ಕಂದಿನಿಂದಲೇ ಉಜ್ಜಿನಪ್ಪನಿಗೆ ಅಳುವವರ ಜೊತೆ ಮಾತಾಡುವ ರೂಢಿಯಿತ್ತು. ಬೇರೆಯವರ ಮೇಲೆ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದವನು ಅವರ ಮುಂದೆ ಮಾತ್ರ ಬೆಣ್ಣೆಯಾಗುತ್ತಿದ್ದ.

ಆಮೇಲೆ ಬಂತಲ್ಲ ಕಬ್ಬಿಣದ ಅದಿರಿನ ಕಾಲ! ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಹೊರಟವು. ಬಿಳಿ ಅಂಗಿ ತೊಟ್ಟು ಮನೆ ಬಿಟ್ಟವನು ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಕೆಂಪು ಧೂಳು ಕೂತು ಕಾವಿ ತೊಟ್ಟ ಸ್ವಾಮಿಯಾಗಿರುತ್ತಿದ್ದ. ಬೇವಿನ ಮರದ ಎಲೆ ಕೆಂಪು, ಇಡ್ಲಿ ಹೋಟೆಲಿನ ಚಟ್ನಿ ಕೆಂಪು, ಮಕ್ಕಳು ಸೀನಿದರೂ ಕೆಂಪು. ದಿನ ಬೆಳಗಾದರೆ ಒಂದು ಹೊಸ ಕಂಪನಿ, ಕಂಪನಿಗೊಂದು ಬೋರ್ಡು, ಬೋರ್ಡಿನ ಹಿಂದೆಯೇ ಒಂದು ಸನ್ಮಾನ. ಸನ್ಮಾನಕ್ಕೆ ಹೆಸರು ಕೊರೆದ ಫಲಕ ಬೇಡವೇ? ಇದೆಲ್ಲ ನೋಡಿ ಉಜ್ಜಿನಪ್ಪನ ತಮ್ಮ ಬಸವಕುಮಾರ್ ಎಲ್ಲಿಂದಲೋ ಒಂದು ಚೀನಾದ ಲೇಸರ್ ಮಷೀನು ತಂದು ಅಂಗಡಿಯಲ್ಲಿ ಇಳಿಸಿದ. ಅಣ್ಣನಿಗೆ ನಾಲ್ಕು ಪಾಠ ಹೇಳಿಕೊಟ್ಟ. ಅಷ್ಟರಲ್ಲಿ ಅವನ ಕಣ್ಣು ಟಿಪ್ಪರುಗಳ ಮೇಲೆ ಬಿತ್ತು. "ಅಣ್ಣಾ, ಇದನ್ನ ನೀನ ನೋಡ್ಕೋ" ಎಂದವನು ಅದಿರಿನ ಹಿಂದೆ ಹೋದ. ಊರೇ ಹೋಗುತ್ತಿರುವಾಗ ಅವನೊಬ್ಬನನ್ನು ಬೈದು ಏನು ಪ್ರಯೋಜನ?

ಮಷೀನು ನೋಡಲಿಕ್ಕೆ ದೊಡ್ಡ ಟ್ರಂಕಿನ ಹಾಗಿತ್ತು. ಮೇಲೆ ಗಾಜಿನ ಮುಚ್ಚಳ. ಒಳಗೆ ಅತ್ತಿಂದಿತ್ತ ಓಡಾಡುವ ಒಂದು ಮೂತಿ, ಆ ಮೂತಿಯಿಂದ ಇಳಿಯುವ, ಕಣ್ಣಿಗೆ ಕಾಣದ ಬೆಂಕಿ. ಅದಕ್ಕೆ ಕಾವು ಏರದಂತೆ ಪಕ್ಕದಲ್ಲೊಂದು ನೀರಿನ ಬಕೆಟ್ಟು. ಕಂಪ್ಯೂಟರಿನಲ್ಲಿ ಚಿತ್ರ ಹಾಕಿ ಎರಡು ಅಂಕಿ ಕೊಟ್ಟರೆ ಸಾಕು, ಒಂದು ಪವರ್, ಇನ್ನೊಂದು ಸ್ಪೀಡ್. ಉಜ್ಜಿನಪ್ಪನಿಗೆ ಮೊದಮೊದಲು ಇದು ತಲೆಗೆ ಹತ್ತಲೇ ಇಲ್ಲ. ಅಕ್ರಿಲಿಕ್ ಹಾಳೆ ಕರಗಿ ಕೂತಿತು, ಮರದ ಫಲಕ ಸುಟ್ಟು ಹೊಗೆಯಾಡಿತು. ಆಗ ಕಂಪ್ಲಿಯ ಮಗಳಾದ ಅವನ ಹೆಂಡತಿ ನೀಲಗಂಗಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದಳು: "ರೊಟ್ಟಿ ಬೇಯ್ಸದು ನೋಡಿಲ್ಲೇನ್ರೀ? ಒಲಿ ಉರಿ ಜಾಸ್ತಿ ಇದ್ರ ಕೈ ಜಲ್ದಿ ತಿರಗಬೇಕು. ಕೈ ನಿಧಾನ ಇದ್ರ ಉರಿ ಸಣ್ಣದು ಮಾಡ್ಬೇಕು. ಎರಡೂ ಬಿಟ್ಟು ಕುಂತ್ರ ರೊಟ್ಟಿ ಸೀದ್ಹೋಗತೈತಿ." ಅಷ್ಟೇ ನೋಡಿ. ತಮ್ಮನ ನಾಲ್ಕು ಪಾಠಕ್ಕೆ ತೆರೆಯದ ಬಾಗಿಲು ಹೆಂಡತಿಯ ಒಂದು ಮಾತಿಗೆ ತೆರೆಯಿತು.

ಕರಿ ಕಲ್ಲಿನ ವಿಷಯ ಬೇರೆ. ನುಣುಪು ಮಾಡಿದ ಕರಿ ಗ್ರಾನೈಟಿನ ಮೇಲೆ ಲೇಸರ್ ಬಿದ್ದ ಕಡೆ ಬಿಳಿ ಮೂಡುತ್ತದೆ. ಪವರ್ ಏರಿಸಿದಷ್ಟೂ ಬಿಳಿ, ಸ್ಪೀಡ್ ಏರಿಸಿದಷ್ಟೂ ಮಾಸಲು. ಸತ್ತವರ ಮುಖವನ್ನು ಹೀಗೆ ಕಲ್ಲಿನಲ್ಲಿ ಮೂಡಿಸಬಹುದೆಂದು ತಿಳಿದದ್ದೇ ತಡ, ಜನ ಮುಗಿಬಿದ್ದರು. ಸಮಾಧಿಗೊಂದು ಕಲ್ಲು, ತೋಟದ ಮನೆಗೊಂದು ಕಲ್ಲು. ಬಂದವರೆಲ್ಲ ಕೊನೆಗೆ ದನಿ ತಗ್ಗಿಸಿ ಹೇಳುವ ಮಾತು ಮಾತ್ರ ಒಂದೇ: "ಒಂಚೂರು ಬೆಳ್ಳಗ ಮಾಡ್ರಿ." ಅಪ್ಪನನ್ನು ಬೆಳ್ಳಗೆ ಮಾಡಿ, ಅತ್ತೆಯನ್ನು ಬೆಳ್ಳಗೆ ಮಾಡಿ, ಜೀವಮಾನವೆಲ್ಲ ಬಿಸಿಲಲ್ಲಿ ಎಮ್ಮೆ ಕಾಯ್ದ ಅಜ್ಜನನ್ನು ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಮಾಡಿ. ಕಪ್ಪಗೆ ಮಾಡಿ ಎಂದು ಕೇಳಿದ ನರಪಿಳ್ಳೆ ಇಲ್ಲ. ಉಜ್ಜಿನಪ್ಪ ಲೆಕ್ಕ ಹಾಕಿ ಪವರ್ ಐವತ್ತು, ಸ್ಪೀಡ್ ಇನ್ನೂರಕ್ಕೆ ತಂದು ನಿಲ್ಲಿಸಿದ. ಅದಕ್ಕೊಂದು ಹೆಸರೂ ಇಟ್ಟ, ಕಳೆ ಸೆಟ್ಟಿಂಗು. ಯಾರ ಮುಖ ಬಂದರೂ ಆ ಸೆಟ್ಟಿಂಗಿಗೆ ಹಾಕಿದರೆ ಮುಖಕ್ಕೆ ಕಳೆ ಬರುತ್ತದೆ ಎಂದು ಅವನ ನಂಬಿಕೆ. ಇದರಲ್ಲಿ ಮೋಸವೇನೂ ಇರಲಿಲ್ಲ. ಅಳುವವರಿಗೆ ಒಂದಿಷ್ಟು ಸಮಾಧಾನ ಕೊಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ.

ಎರಡು ಸಾವಿರದ ಎಂಟನೆಯ ಇಸವಿ. ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು. ಆ ಕಡೆಯ ಹಳ್ಳಿಗಳಲ್ಲಿ ಅದು ಹಿರಿಯರ ಹಬ್ಬ. ತೀರಿಕೊಂಡವರಿಗೆ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದ ಅಡುಗೆ ಮಾಡಿ ಎಡೆ ಹಿಡಿಯುವ ದಿನ. ಹಬ್ಬಕ್ಕೆ ಮುಂಚೆ ಉಜ್ಜಿನಪ್ಪನ ಅಂಗಡಿಯಲ್ಲಿ ಕಲ್ಲುಗಳ ಸಾಲು ನಿಂತಿರುತ್ತಿತ್ತು. ಅಂಥ ಒಂದು ಬೆಳಿಗ್ಗೆ ವಡ್ಡು ಗ್ರಾಮದಿಂದ ಅಕ್ಕ ತಮ್ಮ ಇಬ್ಬರು ಬಂದರು. ಅಕ್ಕ ಯಮನಮ್ಮ, ಐವತ್ತರ ಆಚೀಚೆ, ಒಣಗಿದ ಬೇವಿನ ತೊಗಟೆಯಂಥ ಗಟ್ಟಿ ಹೆಂಗಸು. ತಮ್ಮ ಭರಮಣ್ಣ. ಯಮನಮ್ಮ ಸೊಂಟದ ಚೀಲದಿಂದ ಒಂದು ಗೇಟ್ ಪಾಸು ತೆಗೆದು ಮೇಜಿನ ಮೇಲಿಟ್ಟಳು. ಗಣಿಯೊಳಗೆ ಹೋಗಲಿಕ್ಕೆ ಕೊಡುವ ಕಾರ್ಡು. ಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಫೋಟೋ, ಕಿವಿಯ ಮೇಲೆ ಅರ್ಧ ಸೀಲು ಬಿದ್ದಿತ್ತು.

"ಈತನ ಮಕ ಕಲ್ಲಾಗ ಬಿಡಿಸಿ ಕೊಡ್ತೀಯಂತಲ್ಲ ಯಪ್ಪಾ?" ಎಂದಳು.

"ಕೊಡ್ತೀನವ್ವಾ, ಕುಂದ್ರಿ. ಇದಕ್ಕಿಂತ ದೊಡ್ಡ ಫೋಟೋ ಇಲ್ಲೇನ್ರಿ?"

"ಇದ ಒಂದ. ಅವನಿಗೆ ಫೋಟೋ ಅಂದ್ರ ನಾಚಿಕಿ."

ಭರಮಣ್ಣ ಉಜ್ಜಿನಪ್ಪನನ್ನು ಅಂಗಡಿಯ ಹೊರಗೆ ಕರೆದೊಯ್ದು ಉಳಿದದ್ದು ಹೇಳಿದ. ಹುಡುಗನ ಹೆಸರು ಹೊನ್ನೂರುಸ್ವಾಮಿ, ಯಮನಮ್ಮನಿಗೆ ಒಬ್ಬನೇ ಮಗ, ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಬೇಸಿಗೆಯಲ್ಲಿ ಸಂಡೂರಿನ ಒಂದು ತಿರುವಿನಲ್ಲಿ ಗಾಡಿ ಮಗುಚಿತು. "ಮಕ ಅನ್ನದು ಉಳದಿದ್ದಿಲ್ರೀ" ಎಂದ ಭರಮಣ್ಣ. "ಅಕ್ಕಗ ತೋರ್ಸಬ್ಯಾಡ್ರಿ ಅಂತ ನಾನ ಗಂಟು ಬಿದ್ದೆ. ಬಟ್ಟಿ ಸುತ್ತಿದಂಗ ತಂದು ಸುತ್ತಿದಂಗ ಮಣ್ಣು ಮಾಡಿದ್ವಿ. ಅವತ್ತಿಂದ ಇವತ್ತಿನ ತನಕ ಒಂದ್ ಹನಿ ಕಣ್ಣೀರು ಹಾಕಿಲ್ರೀ ಆಕಿ. ಸಂಜಿಗೆ ಮಗನ ಪಾಲಿನ ರೊಟ್ಟಿ ತಗದಿಡ್ತಾಳ. ಓಣಿ ಮಂದಿ ತಲಿ ಕೆಟ್ಟೈತಿ ಅಂತಾರ. ತಲಿ ಕೆಟ್ಟಿಲ್ಲ. ನಂಬವಲ್ಲಳು, ಅಷ್ಟ."

ಒಳಗೆ ಬಂದಾಗ ಯಮನಮ್ಮ ತಮ್ಮನ ಕಡೆ ನೋಡದೆ ಉಜ್ಜಿನಪ್ಪನಿಗೆ ಹೇಳಿದಳು: "ಇವ ಏನ್ ಹೇಳಿರ್ತಾನ ನನಗ ಗೊತ್ತೈತಿ. ಬಟ್ಟಿ ಗಂಟು ತೋರ್ಸಿ ನಿನ್ನ ಮಗ ಅಂದ್ರ ನಾ ಹೆಂಗ ಹ್ಞೂಂ ಅನ್ಲಿ? ಮಣ್ಣಿಗಿಡೋವಾಗ ಮಕ ನೋಡಲಿಲ್ಲ, ಕಲ್ಲಾಗರ ನೋಡ್ತೀನಿ. ಈ ಅಮಾಸಿಗೆ ಅವನಿಗೆ ಎಡಿ ಹಿಡೀಬೇಕಂತ. ಇಪ್ಪತ್ತಾರು ವರ್ಷದ ಹುಡುಗ ನನಗ ಹಿರಿಯ ಆದ್ನಂತ ನೋಡು ಯಪ್ಪಾ! ಯಾರಿಗೆ ಎಡಿ ಹಿಡ್ಯಾಕ ಹತ್ತೀನಿ ಅಂತ ಗೊತ್ತಾಗಬೇಕಲ್ಲ ನನಗ?"

ಎಷ್ಟೋ ಸತ್ತವರ ಫೋಟೋ ಹಿಡಿದವನು ಉಜ್ಜಿನಪ್ಪ, ಆದರೂ ಈ ಕಾರ್ಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಈ ತಾಯಿಗೆ ತನ್ನ ಕೈಲಾದದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಕೊಡಬೇಕು ಎಂದುಕೊಂಡ. ಹಾಗೆ ಅಂದುಕೊಂಡದ್ದೇ ಎಡವಟ್ಟಾಯಿತು. ಕಂಪ್ಯೂಟರಿನಲ್ಲಿ ಮುಖ ಹಿಗ್ಗಿಸಿ, ಸೀಲು ಅಳಿಸಿ, ಮೂಗು ಕೆನ್ನೆಗಳಿಗೆ ಬೆಳಕು ತುಂಬಿದ. ಮರುಕದ ಭರದಲ್ಲಿ ಕಳೆ ಸೆಟ್ಟಿಂಗಿನ ಪವರಿನ ಮೇಲೆ ಇನ್ನೈದು ಸೇರಿಸಿದ. ಒಂದೂವರೆ ಅಡಿಯ ಕಲ್ಲಿನಲ್ಲಿ ಹೊನ್ನೂರುಸ್ವಾಮಿ ಬೆಳದಿಂಗಳಲ್ಲಿ ಮಿಂದವನಂತೆ ಮೂಡಿ ಬಂದ.

ಹೇಳಿದ ದಿನಕ್ಕೆ ಅಕ್ಕ ತಮ್ಮ ಬಂದರು. ಉಜ್ಜಿನಪ್ಪ ಕಲ್ಲಿನ ಮೇಲಿನ ಬಟ್ಟೆ ಸರಿಸಿದ. "ಮಸ್ತ್ ಬಂದಾನ್ರೀ! ಸಿನಿಮಾ ಹೀರೋ ಆಗ್ಯಾನ ನಮ್ಮ ಹೊನ್ನೂರ" ಎಂದ ಭರಮಣ್ಣ. ಯಮನಮ್ಮ ಬಗ್ಗಿ ನೋಡಿದಳು. ಒಂದು ಸಲ ಎಡಕ್ಕೆ ನಿಂತು ನೋಡಿದಳು, ಒಂದು ಸಲ ಬಲಕ್ಕೆ. ಆಮೇಲೆ ನೆಟ್ಟಗೆ ನಿಂತು ಕೇಳಿದಳು:

"ಇವ ಯಾರು?"

ಭರಮಣ್ಣ ಕಲ್ಲಿನ ಮೇಲೆ ಬೆರಳಿಟ್ಟ.

"ಹೊನ್ನೂರ ಅಲ್ಲೇನಕ್ಕಾ? ನೋಡು, ಅವನ ಹುಬ್ಬು, ಅವನ ಮೀಸಿ..."

"ಹುಬ್ಬು ಅವಂದು. ಮೀಸಿ ಅವಂದು. ಇವ ಅವ ಅಲ್ಲ. ನನ್ನ ಮಗ ಕರಿ ಮನಷಾ. ಯಾರ ಮಗನ್ನೋ ತಂದು ನನ್ನ ಮುಂದ ಇಟ್ಟೀರಿ ನೀವು. ಅವತ್ತ ಬಟ್ಟಿ ಗಂಟು ಕೊಟ್ರಿ, ಇವತ್ತ ಇವನ್ನ ಕೊಡ್ತೀರಿ." ದನಿ ಏರಲಿಲ್ಲ, ಇಳಿಯಲಿಲ್ಲ. ಗೇಟ್ ಪಾಸು ಎತ್ತಿ ಚೀಲಕ್ಕೆ ಸೇರಿಸಿ ಮೆಟ್ಟಿಲಿಳಿದಳು. ಭರಮಣ್ಣ ಎರಡು ಕೈ ಮುಗಿದು ಅವಳ ಹಿಂದೆ ಓಡಿದ.

ಉಜ್ಜಿನಪ್ಪ ಕೆಂಡಾಮಂಡಲವಾದ. ಇಷ್ಟು ವರ್ಷದಲ್ಲಿ ಒಬ್ಬರಾದರೂ ಅವನ ಕಲ್ಲು ಬಿಟ್ಟು ಹೋದದ್ದುಂಟೇ? ಬಕೆಟ್ಟಿಗೆ ಒದ್ದ, ನೀರು ಚೆಲ್ಲಿತು, ಅದಕ್ಕೂ ಬೈದ. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಎಲ್ಲ ಕಕ್ಕಿದ.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ. ಈಕಿ ನೋಡಿದ್ರ ಮಗನ್ನ ಅಷ್ಟು ಚಂದ ಮಾಡಿ ಕೊಟ್ರೂ ಬ್ಯಾಡಂತಾಳ!"

"ಆಕಿ ತನ್ನ ಹೆಗ್ಗಣ ಕೇಳ್ಯಾಳ. ನೀವು ಮೊಲ ಹಿಡಕೊಂಡು ಬಂದೀರಿ" ಎಂದುಬಿಟ್ಟಳು ನೀಲಗಂಗಮ್ಮ. ಮರುಕ್ಷಣ ಗಲ್ಲ ಬಡಿದುಕೊಂಡು "ಶಿವಾ, ಸತ್ತ ಹುಡುಗಗ ಹಂಗ ಅನಬಾರ್ದಾಗಿತ್ತು" ಎಂದು ನಾಲಿಗೆ ಕಚ್ಚಿದಳು. ಆದರೆ ಆಡಿದ ಮಾತು ಆಡಿಯಾಗಿತ್ತು.

ಉಜ್ಜಿನಪ್ಪ ತುತ್ತು ಕೈಯಲ್ಲಿಟ್ಟುಕೊಂಡೇ ಕೂತ. ಎದುರಿನ ಗೋಡೆಯಲ್ಲಿ ಅವನ ತಾಯಿಯ ಕಲ್ಲು ಇತ್ತು. ಮಷೀನು ಕೈಗೆ ಪಳಗಿದ ಮೇಲೆ ಮೊಟ್ಟಮೊದಲು ಅಕ್ಕರೆಯಿಂದ ಮಾಡಿದ್ದು ಅದನ್ನೇ. ಹಣೆಯಲ್ಲಿ ವಿಭೂತಿ, ದುಂಡು ಮುಖ, ಕಳೆ ಸೆಟ್ಟಿಂಗಿನ ಬಿಳುಪು.

"ನೀಲಾ, ನಮ್ಮವ್ವ ಯಾವ ಬಣ್ಣ ಇದ್ಲು?"

"ಅತ್ತ್ಯಾರು? ಎಣ್ಣಿಗಪ್ಪು ಅಲ್ಲೇನ್ರಿ! ನಮ್ಮ ಲಗ್ನದಾಗ ಹಸಿರು ಇಳಕಲ್ ಸೀರಿ ಉಟ್ಟು ನಿಂತಿದ್ರು, ಫಳಫಳ ಅಂತಿದ್ರು. ನಮ್ಮ ಕಂಪ್ಲಿ ಮಂದಿ ಎಲ್ಲಾ ಅವರನ್ನ ನೋಡಿದ್ದ ನೋಡಿದ್ದು."

ಉಜ್ಜಿನಪ್ಪ ಕಣ್ಣು ಮುಚ್ಚಿದ. ಆ ಎಣ್ಣೆಗಪ್ಪು ಮುಖವನ್ನು ನೆನಪಿಗೆ ಎಳೆದು ತರಲು ನೋಡಿದ. ಬರಲಿಲ್ಲ. ಹಾಲು ಕೊಟ್ಟು ಸಾಕಿದ ತಾಯಿ, ಏಳು ವರ್ಷ ಕೂಡ ಆಗಿಲ್ಲ ಹೋಗಿ. ಎಷ್ಟು ಕರೆದರೂ ಕಣ್ಣ ಮುಂದೆ ಬಂದದ್ದು ಗೋಡೆಯ ಮೇಲಿನ ಆ ಬಿಳಿ ಹೆಂಗಸೇ. ತನ್ನ ತಾಯಿಯನ್ನು ತಾನೇ ಒರೆಸಿ ಹಾಕಿಬಿಟ್ಟೆನಲ್ಲ ಎಂದು ಅವನಿಗೆ ಅಳು ಬಂತು. ತಟ್ಟೆಯ ಮುಂದೆ ಕೂತು ಅತ್ತ. ನೀಲಗಂಗಮ್ಮ ನೀರಿನ ತಂಬಿಗೆ ಹತ್ತಿರ ಸರಿಸಿದಳು.

ಮರುದಿನ ಅಂಗಡಿ ತೆರೆಯದೆ ಬಸ್ಸು ಹತ್ತಿದ. ತೋರಣಗಲ್ಲಿಗೆ ಇಳಿದು, ಅಲ್ಲಿಂದ ಇನ್ನೊಂದು ಗಾಡಿ ಹಿಡಿದು ವಡ್ಡು ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಯಮನಮ್ಮ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನೋಡಿದಳು, ಕೈ ನಿಲ್ಲಿಸಲಿಲ್ಲ.

"ತಪ್ಪು ನಂದವ್ವಾ" ಎಂದ ಉಜ್ಜಿನಪ್ಪ. ಅಂಗಡಿಯಲ್ಲಿ ಗಿರಾಕಿಗೆ ಒಂದು ಸಲವೂ ಆಡದ ಮಾತು.

"ಯಾಕಷ್ಟು ಬೆಳ್ಳಗ ಮಾಡ್ದಿ?"

"ಎಲ್ಲಾರೂ ಹಂಗ ಕೇಳ್ತಾರವ್ವಾ."

"ನಾ ಕೇಳಿದ್ನೇನು?"

ಉಜ್ಜಿನಪ್ಪ ಕಟ್ಟೆಯ ತುದಿಯಲ್ಲಿ ಕೂತ. ಅವಳು ಒಂದು ಹಿಡಿ ಶೇಂಗಾ ಅವನ ಕಡೆ ತಳ್ಳಿದಳು. ಅವನೂ ಸುಲಿಯತೊಡಗಿದ.

"ನಿಮ್ಮ ಮಗನ್ನ ನಾ ಕಣ್ಣಿಲೆ ಕಂಡಿಲ್ಲ" ಎಂದ. "ನೋಡಿದೋರು ನೀವು. ಅಂಗಡಿಗೆ ಬರ್ರಿ, ಮಷೀನ್ ಮುಂದ ಕುಂದ್ರಿ. ಒಡದ ಕಲ್ಲಿನ ಚೂರು ಅದಾವು, ಅದರ ಮ್ಯಾಲ ಹೊಡದು ಹೊಡದು ನೋಡೋಣ. ನೀವು ಹ್ಞೂಂ ಅನ್ನೋತನಕ ನಾ ದೊಡ್ಡ ಕಲ್ಲಿಗೆ ಕೈ ಹಚ್ಚಂಗಿಲ್ಲ."

ಯಮನಮ್ಮ ಕೈಯಲ್ಲಿದ್ದ ಶೇಂಗಾ ಸುಲಿದು ಮುಗಿಸಿದಳು. ಆಮೇಲೆ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ತನ್ನ ಕೈ ಚಾಚಿ ತೋರಿಸಿದಳು. "ಈ ಬಣ್ಣ. ಇದಕ್ಕಿಂತ ಒಂದೀಟು ಕಪ್ಪು. ಹುಟ್ಟಿದಾಗ ಸೂಲಗಿತ್ತಿ ಅಂದಿದ್ಲು, ಯಮನವ್ವಾ ನಿನ್ನ ಮಗ ನಿನ್ನೂ ಮೀರಿಸ್ಯಾನಲೇ ಅಂತ." ಹೇಳುವಾಗ ಅವಳ ತುಟಿಯಲ್ಲಿ ಒಂದು ಹೆಮ್ಮೆ ಸುಳಿದು ಹೋಯಿತು.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಬೆಳಿಗ್ಗೆಯೇ ಅಕ್ಕ ತಮ್ಮ ಅಂಗಡಿಗೆ ಬಂದರು. ಗಿರಾಕಿಗಳನ್ನು ಮೇಜಿನಿಂದ ಒಳಗೆ ಬಿಡದ ಉಜ್ಜಿನಪ್ಪ ಮಷೀನಿನ ಪಕ್ಕದಲ್ಲೇ ಸ್ಟೂಲು ಹಾಕಿ ಯಮನಮ್ಮನನ್ನು ಕೂರಿಸಿದ. ಗೇಟ್ ಪಾಸಿನ ಫೋಟೋ ಹೊಸದಾಗಿ ಸ್ಕ್ಯಾನ್ ಮಾಡಿ, ಈ ಸಲ ಬೆಳಕು ಗಿಳಕು ಏನೂ ತುಂಬದೆ ಇದ್ದದ್ದು ಇದ್ದ ಹಾಗೆ ಇಟ್ಟ. ಅಡುಗೆಮನೆ ಕಟ್ಟೆಗೆ ಕೊಯ್ದು ಉಳಿದ ಕರಿ ಕಲ್ಲಿನ ಚೂರುಗಳನ್ನು ಪಕ್ಕದ ಬೀದಿಯ ಕಲ್ಲಿನಂಗಡಿಯಿಂದ ತಂದಿಟ್ಟಿದ್ದ. ಲೆನ್ಸಿನ ಮೇಲೆ ಕೂತ ಕೆಂಪು ಧೂಳನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದ.

ಮೊದಲ ಚೂರಿಗೆ ಪವರ್ ನಲವತ್ತು. ಅಂಗೈಯಗಲದ ಮುಖ ಮೂಡಿತು. ಯಮನಮ್ಮ ಕೈಗೆತ್ತಿಕೊಂಡು, "ಇವ ನಮ್ಮೂರ ಪೋಸ್ಟ್ ಮಾಸ್ತರು" ಎಂದು ಪಕ್ಕಕ್ಕಿಟ್ಟಳು. ಎರಡನೆಯದಕ್ಕೆ ಮೂವತ್ತು. "ಇವ ಭರಮ ಆಗ್ಯಾನ" ಎಂದಳು. ಸೋದರಮಾವನ ಹೋಲಿಕೆ ಇದ್ದದ್ದೇ ತಾನೆ, ಭರಮಣ್ಣನಿಗೆ ನಗು ತಡೆಯಲಾಗಲಿಲ್ಲ. "ಅಕ್ಕಾ, ಹಂಗಿದ್ರ ಇದನ್ನ ಇಟ್ಟಿರು, ನನಗ ಆಗತೈತಿ ಮುಂದ" ಎಂದ. ಅವಳೂ ನಕ್ಕಳು. ಆ ನಗು ಕೇಳಿ ಉಜ್ಜಿನಪ್ಪನಿಗೆ ಹುರುಪು ಬಂತು. ಅವಸರ ಮಾಡಿದ. ಪವರ್ ಒಮ್ಮೆಲೇ ಹದಿನೈದಕ್ಕೆ ಇಳಿಸಿದ.

ಮೂರನೆಯ ಚೂರಿನಲ್ಲಿ ಮುಖ ಕಲ್ಲಿನೊಳಗೆ ಮುಳುಗಿ ಹೋಗಿತ್ತು. ಮೂಗಿಲ್ಲ, ಗಲ್ಲವಿಲ್ಲ. ಎರಡು ಕಣ್ಣಿನ ಚುಕ್ಕಿ, ಅದರ ಕೆಳಗೆ ಬರೀ ಕಪ್ಪು. ಯಮನಮ್ಮನ ಕೈಯಿಂದ ಚೂರು ಜಾರಿತು. "ಬ್ಯಾಡ, ಬ್ಯಾಡ, ಇದು ಬ್ಯಾಡ!" ಎಂದು ಮುಖಕ್ಕೆ ಕೈ ಅಡ್ಡ ಹಿಡಿದಳು. ಅವಳಿಗೆ ತೋರಿಸದೆ ಮಣ್ಣಿಗಿಟ್ಟದ್ದು ಏನೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಭರಮಣ್ಣ ಚೂರನ್ನು ಎತ್ತಿ ಬೋರಲು ಹಾಕಿದ.

ಉಜ್ಜಿನಪ್ಪ ತನ್ನನ್ನು ತಾನೇ ಶಪಿಸಿಕೊಂಡ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ಫೋಟೋ ಸಣ್ಣದು, ಕಲ್ಲು ಸರಿಯಿಲ್ಲ ಎಂದು ಸಬೂಬು ಹೇಳಬಹುದಿತ್ತು. ಹೇಳಲಿಲ್ಲ. ಅಕ್ಕ ತಮ್ಮನಿಗೆ ಚಹಾ ತರಿಸಿ, ತಾನು ಪರದೆಯ ಮುಂದೆ ಕೂತು ಯೋಚಿಸಿದ. ಬೆಳ್ಳಗಿನ ಪರಕೀಯ ಒಂದು ಕಡೆ, ಬರೀ ಕಪ್ಪು ಇನ್ನೊಂದು ಕಡೆ. ನಡುವೆ ಎಲ್ಲೋ ಒಂದು ಕೂದಲೆಳೆಯ ಜಾಗದಲ್ಲಿ ಆ ಹುಡುಗ ನಿಂತಿದ್ದಾನೆ. ಪವರ್ ಒಂದನ್ನೇ ಇಳಿಸಿದರೆ ಮೈಬಣ್ಣದ ಜೊತೆಗೆ ಕಣ್ಣಿನ ಹೊಳಪೂ ಇಳಿಯುತ್ತದೆ. ಉರಿ ಮಾತ್ರ ತಗ್ಗಿಸುತ್ತ ಹೋದೆ, ಕೈಯ ವೇಗ ಮರೆತೆ ಎಂದುಕೊಂಡ. ಪವರ್ ಇಪ್ಪತ್ತೆಂಟಕ್ಕೆ ಹತ್ತಿಸಿ, ಸ್ಪೀಡನ್ನು ಮುನ್ನೂರಕ್ಕೆ ಓಡಿಸಿದ.

ಯಮನಮ್ಮ ಈ ಚೂರನ್ನು ಹಿಡಿದು ಬೆಳಕಿಗೆ ಹೋದಳು.

"ಜ್ವರ ಬಂದಾಗ ಹಿಂಗ ಇರ್ತಿದ್ದ" ಎಂದಳು.

ಉಜ್ಜಿನಪ್ಪ ಪರದೆಯ ಕಡೆ ತಿರುಗಿದ. ಅವನೇ! ಜ್ವರ ಬಂದಿದ್ದರೂ ಅವನೇ ಎನ್ನುತ್ತಿದ್ದಾಳೆ. ಸ್ಪೀಡ್ ಒಂಚೂರು ತಗ್ಗಿಸಿದ. ಇನ್ನೊಂದು ಚೂರು ಹೊಡೆದ. ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. "ಹತ್ರ ಬಂದಾನ ಯಪ್ಪಾ. ಆದ್ರ ಇದು ಭಾಳ ಸಣ್ಣದೈತಿ. ಗೊತ್ತಾಗವಲ್ದು. ದೊಡ್ಡದರಾಗ ಮಾಡು, ನೋಡೋಣ."

ಹ್ಞೂಂ ಎನ್ನುವತನಕ ದೊಡ್ಡ ಕಲ್ಲಿಗೆ ಕೈ ಹಚ್ಚುವುದಿಲ್ಲ ಎಂದು ಮಾತು ಕೊಟ್ಟವನು ಅವನು. ಈಗ ಅವಳೇ ಹಚ್ಚು ಎನ್ನುತ್ತಿದ್ದಾಳೆ. ಮತ್ತೆ ಬೇರೆ ಯಾರೋ ಮೂಡಿಬಿಟ್ಟರೆ ಈ ತಾಯಿ ಇನ್ನೊಮ್ಮೆ ಈ ಮೆಟ್ಟಿಲು ಹತ್ತುವುದಿಲ್ಲ. ಅವನು ವಿರೂಪಾಕ್ಷನನ್ನು ನೆನೆದು ಕಲ್ಲನ್ನು ಮಷೀನಿನೊಳಗೆ ಇಳಿಸಿದ, ಅದೇ ಅಂಕಿಗಳನ್ನು ಕೊಟ್ಟ, ಗುಂಡಿ ಒತ್ತಿದ.

ಮೂತಿ ಸರಸರ ಅತ್ತಿಂದಿತ್ತ ಓಡತೊಡಗಿತು. ಮೊದಲು ಕೂದಲು, ಆಮೇಲೆ ಹಣೆ, ಗೆರೆ ಗೆರೆಯಾಗಿ ಮುಖ ಕೆಳಗಿಳಿಯುತ್ತ ಬಂತು. ಯಮನಮ್ಮ ಗಾಜಿನ ಮುಚ್ಚಳಕ್ಕೆ ಮೂಗು ತಾಗಿಸಿ ಕೂತಿದ್ದಳು. ಕರೆಂಟು ಹೋದರೆ ಕಲ್ಲು ಕೆಟ್ಟೀತು ಎಂದು ಉಜ್ಜಿನಪ್ಪ ಮೇಲೆ ಉರಿಯುವ ಬಲ್ಬಿನ ಮೇಲಿಂದ ಕಣ್ಣು ಕೀಳಲಿಲ್ಲ. ಹೊರಗೆ ಲಾರಿಗಳು ಹಾರ್ನು ಹೊಡೆಯುತ್ತಲೇ ಇದ್ದವು. ಗಲ್ಲ ಮುಗಿದು, ಕುತ್ತಿಗೆ ಮುಗಿದು, ಮೂತಿ ತನ್ನ ಮೂಲೆಗೆ ಹೋಗಿ ನಿಂತಿತು.

ಉಜ್ಜಿನಪ್ಪ ಮುಚ್ಚಳ ಎತ್ತಿದ. ಯಮನಮ್ಮ ಬಗ್ಗಿ ನೋಡಿದವಳೇ ಹಿಂದೆ ಸರಿದಳು. "ಅಯ್ಯೋ, ಮತ್ತ ಬೆಳ್ಳಗ ಆದ್ನಲ್ಲೋ ಯಪ್ಪಾ!"

"ಅದು ಕಲ್ಲಿನ ಹಿಟ್ಟವ್ವಾ. ಮ್ಯಾಲ ಕುಂತಿರತೈತಿ. ಒರಸ್ರಿ" ಎಂದು ಒದ್ದೆ ಬಟ್ಟೆ ಚಾಚಿದ.

ಅವಳು ಆ ಬಟ್ಟೆ ತೆಗೆದುಕೊಳ್ಳಲಿಲ್ಲ. ತನ್ನ ಸೆರಗಿನ ತುದಿಯನ್ನು ಬಾಯಲ್ಲಿ ಹಾಕಿ ಎಂಜಲಿನಿಂದ ತೋಯಿಸಿದಳು. ಊಟ ಮಾಡಿ ಮೋರೆಯೆಲ್ಲ ಮೆತ್ತಿಕೊಂಡ ಮಗುವನ್ನು ಹಿಡಿದು ಒರೆಸುತ್ತಾರಲ್ಲ, ಹಾಗೆ ಒತ್ತಿ ಒತ್ತಿ ಒರೆಸಿದಳು. ಹಣೆಯ ಬಿಳಿ ಹೋಯಿತು. ಮೂಗಿನ ಬಿಳಿ ಹೋಯಿತು. ಕೆನ್ನೆಯ ಮೇಲೆ ಎರಡು ಸಲ ಸೆರಗು ಆಡಿಸಿದಳು. ಕರಿಯ ಕಲ್ಲಿನೊಳಗಿಂದ ಕರಿಯ ಹುಡುಗ, ಫೋಟೋ ತೆಗೆಸಿಕೊಳ್ಳಲು ನಾಚಿ ತುಟಿ ಬಿಗಿದವನು, ಹೊಳೆಯುವ ಕಣ್ಣು ಬಿಟ್ಟು ಅವಳನ್ನು ನೋಡಿದ.

ಅವಳ ಕೈ ನಿಂತಿತು.

"ಯಾಕಲೇ" ಎಂದಳು. "ಯಾಕ ಇಷ್ಟ್ ಹೊತ್ತು ಮಾಡ್ದಿ? ಎಲ್ಲಿದ್ದಿ?"

ಕಲ್ಲು ಏನೂ ಹೇಳಲಿಲ್ಲ. ಅವಳು ಕಾಯ್ದಳು. ನಿಜವಾಗಿಯೂ ಕಾಯ್ದಳು, ಉತ್ತರ ಬರುತ್ತದೆ ಎಂಬಂತೆ. ಆಮೇಲೆ ಅವಳ ಹೊಟ್ಟೆಯಿಂದ ಒಂದು ದನಿ ಎದ್ದಿತು. ಬೇಸಿಗೆಯಿಂದ ಒಳಗೇ ಇದ್ದ ದನಿ. ಕಲ್ಲಿನ ಕೆನ್ನೆಗೆ ತನ್ನ ಕೆನ್ನೆ ಹಚ್ಚಿ, ಮಷೀನಿನ ಅಂಚನ್ನು ಎರಡು ಕೈಯಿಂದ ಹಿಡಿದು, ಅವಳು ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಹಿತ್ತಲಿನಿಂದ ನೀಲಗಂಗಮ್ಮ ಓಡಿ ಬಂದಳು. ಎದುರಿನ ಅಂಗಡಿಗಳವರು ಎದ್ದು ನಿಂತು ಇಣುಕಿದರು.

ಭರಮಣ್ಣನಿಗೆ ಗಾಬರಿ. "ಅಕ್ಕಾ, ಬಜಾರೈತಿ, ಮಂದಿ ನೋಡಾಕ ಹತ್ಯಾರ. ಸುಮ್ಕಾಗಕ್ಕಾ, ಏಳು" ಎಂದು ರಟ್ಟೆ ಹಿಡಿದ.

"ಬಿಡ್ರಿ ಆಕೀನ!" ಎಂದು ಉಜ್ಜಿನಪ್ಪ ಗದರಿದ. ಗದರಿದವನ ಕಣ್ಣಿನಲ್ಲೂ ನೀರು ಇಳಿಯುತ್ತಿತ್ತು. ಹೋಗಿ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು, ಹೊರಗೆ ನಿಂತ ಜನಕ್ಕೆ ಬೆನ್ನು ಕೊಟ್ಟು ನಿಂತ.

"ಅಳ್ಲಿ ಬಿಡ್ರಿ" ಎಂದ. "ಆಕಿ ಮಗ ಈಗ ಸತ್ತಾನ."